ಮೈಲೊ ಮಾಡಬೇಡ

ಧಾನ್ಯ ಉಗ್ರಾಣದ ತೂಕದ ಕೋಣೆ,
ಲಿಂಡೆನ್ ಕ್ರೀಕ್, ನೆಬ್ರಾಸ್ಕಾ
ಅಕ್ಟೋಬರ್ 14, 1996

ಪ್ರಿಯ ಆರ್ವಲ್,

ಹನ್ನೊಂದು ವರ್ಷದಿಂದ ಕ್ರಿಸ್ಮಸ್ ಕಾರ್ಡಿನ ಕೆಳಗೆ ಬರೀ ಹೆಸರು ಗೀಚಿ ಕಳಿಸುತ್ತಿದ್ದವಳು ಇದ್ದಕ್ಕಿದ್ದಂತೆ ಉದ್ದದ ಪತ್ರ ಬರೆಯುತ್ತಿದ್ದಾಳೆ ಎಂದರೆ ಏನೋ ಕೆಲಸ ಆಗಬೇಕಿದೆ ಅಂದುಕೊಳ್ಳುತ್ತೀಯ. ಹೌದು, ಆಗಬೇಕಿದೆ. ಫೋನು ಮಾಡೋಣವೆಂದರೆ ನಿನ್ನ ಕಿವಿಯನ್ನು ನೀನು ಕೋವಿಯ ಸದ್ದಿಗೆ ಕೊಟ್ಟು ಎಷ್ಟೋ ಕಾಲವಾಯಿತು. ಕಳೆದ ಸಲ ನಾನು "ಮೈಲೊಗೆ ಹಲ್ಲುನೋವು" ಅಂದರೆ ನೀನು "ಇಲ್ಲೂ ಹಿಮ ಬಿದ್ದಿದೆ" ಅಂದೆ.

ವಿಷಯ ಇಷ್ಟು. ಡಿಸೆಂಬರಿಗೆ ನನ್ನ ನೌಕರಿ ಮುಗಿಯುತ್ತದೆ. ಇಪ್ಪತ್ತಾರು ವರ್ಷ ಈ ಗಾಜಿನ ಗೂಡಿನಲ್ಲಿ ಕೂತು ಲಾರಿ ತೂಗಿದ್ದಾಯಿತು. ಬೀಳ್ಕೊಡುಗೆಗೆ ಏನು ಬೇಕೆಂದು ಇಲ್ಲಿಯವರು ಕೇಳಿದರು. "ಗಡಿಯಾರ ಮಾತ್ರ ಬೇಡ ಕಣ್ರಯ್ಯಾ, ತೋಟಾ ತುಂಬೋ ಪ್ರೆಸ್ಸು ಕೊಡ್ಸಿ" ಅಂದೆ. ಅವರು ನಕ್ಕರು. ನೀನು ನಗಬೇಡ. ಎರಡು ವರ್ಷದಿಂದ ಗುರುವಾರದ ಹೆಂಗಸರ ಗುಂಪಿನಲ್ಲಿ ರಿವಾಲ್ವರ್ ಹೊಡೆಯುತ್ತಿದ್ದೇನೆ, ಹೊಡೆದ ಹಿತ್ತಾಳೆ ಚಿಪ್ಪುಗಳನ್ನೆಲ್ಲ ಕಾಫಿ ಡಬ್ಬದಲ್ಲಿ ಕೂಡಿಟ್ಟಿದ್ದೇನೆ. ಅವನ್ನು ನಾನೇ ಮತ್ತೆ ತುಂಬಬೇಕು.

ಅಂಗಡಿಗೆ ಹೋದರೆ ಮೂರು ಬಗೆ ತೋರಿಸಿದ. ಹಿಡಿ ಒಮ್ಮೆ ಎಳೆದರೆ ಒಂದೇ ಕೆಲಸ ಮಾಡುವ ಒಂಟಿ ಪ್ರೆಸ್ಸು. ತಲೆಯನ್ನು ಕೈಯಿಂದ ತಿರುಗಿಸುತ್ತಾ ಹೋಗುವುದು ಇನ್ನೊಂದು. ಮೂರನೆಯದು ಸಾಲು ಪ್ರೆಸ್ಸು. ಅದರಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಹಳೆ ಕೇಪು ತೆಗೆಯುವುದು, ಹೊಸದು ಕೂರಿಸುವುದು, ಮದ್ದು ಸುರಿಯುವುದು, ಗುಂಡು ಒತ್ತುವುದು ಎಲ್ಲವೂ ಒಂದೇ ಎಳೆತಕ್ಕೆ ಆಗುತ್ತದಂತೆ. "ಮೇಡಂ, ಇದನ್ನೇ ತಗೊಳ್ಳಿ, ಕಾಫಿ ಆರೋದ್ರೊಳಗೆ ನೂರು ತೋಟಾ ಆಗ್ಬಿಡುತ್ತೆ" ಅಂದ. ನನಗೂ ಅದರ ಮೇಲೆಯೇ ಕಣ್ಣು. ಆದರೂ ನಿನ್ನನ್ನು ಕೇಳಿಯೇ ತಗೊಳ್ಳೋಣ ಅನ್ನಿಸಿತು.

ಮನೆಯಲ್ಲಿ ಗಂಡ ಮೈಲೊ ಇದ್ದಾನಲ್ಲ, ಗುರಿ ಹೊಡೆಯುವವರ ಕ್ಲಬ್ಬಿನಲ್ಲಿ ಹತ್ತು ಚಳಿಗಾಲ ಇದನ್ನೇ ಪಾಠ ಮಾಡಿದವನು, ಅವನನ್ನು ಕೇಳು ಅನ್ನಬೇಡ. ಎಂಬತ್ತನಾಲ್ಕರ ಆ ಸೆಪ್ಟೆಂಬರಿನಿಂದ ಅವನು ನೆಲಮಾಳಿಗೆಗೆ ಇಳಿದೇ ಇಲ್ಲ. ಕೆಲಸದ ಮೇಜಿಗೆ ಹಳೆಯ ಹೊದಿಕೆ ಮುಚ್ಚಿದ್ದು ಹಾಗೆಯೇ ಇದೆ. ತಾನೇ ತುಂಬಿದ ತೋಟಾದೊಳಗೆ ಎರಡು ಪಾಲು ಮದ್ದು ಬಿದ್ದು, ರಿವಾಲ್ವರ್ ಕೈಯಲ್ಲೇ ಸಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳು ಹೋದವನ ಹತ್ತಿರ ನಾನು ಆ ಮಾತು ತೆಗೆಯುವುದು ಹೇಗೆ? ನೀನು ಪಕ್ಕದ ಸಾಲಿನಲ್ಲೇ ನಿಂತಿದ್ದೆ, ನಿನಗೆ ಗೊತ್ತು. ಉತ್ತರವನ್ನು ಇದೇ ಕಚೇರಿಯ ವಿಳಾಸಕ್ಕೆ ಬರೆ.

ಲಿಬ್ಬಿ ವಾವ್ರಿನಾ

*

ಕಾಪರ್ ಫೋರ್ಕ್, ಐಡಹೊ
ಅಕ್ಟೋಬರ್ 23, 1996

ಪ್ರಿಯ ಲಿಬ್ಬಿ,

ಹಲ್ಲುನೋವಿನ ವಿಷಯಕ್ಕೆ ಕ್ಷಮಿಸು. ನಿಯೋಮಾ ಇದ್ದಾಗ ಫೋನು ಹೆಂಡತಿಯದೇ ಖಾತೆ. ಅವಳು ಹೋಗಿ ಎರಡು ವರ್ಷವಾದ ಮೇಲೂ ನಾನು ಫೋನು ಎತ್ತಿ ಅಂದಾಜಿನ ಮೇಲೆ ಏನೋ ಒಂದು ಹೇಳಿಬಿಡುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ: ಒಂಟಿ ಪ್ರೆಸ್ಸು. ಎರಕದ ಕಬ್ಬಿಣದ್ದು, ಭಾರದ್ದು, ಮೇಜಿಗೆ ಬೋಲ್ಟು ಹಾಕಿ ಬಿಗಿದರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಾಡಬಾರದು. ತಿರುಗುತಲೆಯದನ್ನು ಐದು ವರ್ಷ ಬಿಟ್ಟು ನೋಡು. ಸಾಲು ಪ್ರೆಸ್ಸು ಬೇಡ. ಆ ಅಂಗಡಿಯವನ ಕಾಫಿ ಆರಿ ಹೋಗಲಿ.

ಯಾಕೆ ಅಂದರೆ, ಗುರಿ ಹೊಡೆಯುವ ತೋಟಾಕ್ಕೆ ಹಾಕುವ ಮದ್ದು ಚಿಪ್ಪಿನ ಕಾಲು ಭಾಗವೂ ತುಂಬುವುದಿಲ್ಲ. ಎರಡು ಸಲ ಬಿದ್ದರೂ ಚೆಲ್ಲುವುದಿಲ್ಲ, ಒಳಗೇ ಆರಾಮಾಗಿ ಕೂತಿರುತ್ತದೆ. ಒಂಟಿ ಪ್ರೆಸ್ಸಿನಲ್ಲಿ ಐವತ್ತು ಚಿಪ್ಪಿಗೂ ಮದ್ದು ಹಾಕಿ, ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಒಂದೊಂದರ ಒಳಗೂ ಇಣುಕುತ್ತೀಯ. ನಿನ್ನ ಕೊಲಾಚೆ ಬನ್ನಿನ ತಟ್ಟೆಯನ್ನು ನೆನೆಸಿಕೋ. ಒಂದರಲ್ಲಿ ಗಸಗಸೆ ಹೂರಣ ಎರಡು ಚಮಚ ಬಿದ್ದಿದ್ದರೆ ಒಲೆಗೆ ಇಡುವ ಮೊದಲೇ ಕಣ್ಣಿಗೆ ಬೀಳುತ್ತದಲ್ಲ? ಹಾಗೆ. ಸಾಲು ಪ್ರೆಸ್ಸು ನಿನಗೆ ಆ ನೋಟವನ್ನೇ ಕೊಡುವುದಿಲ್ಲ. ಮದ್ದು ಬಿದ್ದ ಮರುಕ್ಷಣ ಗುಂಡು ಬಾಯಿ ಮುಚ್ಚಿರುತ್ತದೆ.

ಇನ್ನೂ ಕೆಲವು ಮಾತು. ಮೇಜಿನ ಮೇಲೆ ಒಂದೇ ಡಬ್ಬ ಮದ್ದು ಇರಲಿ. ರೇಡಿಯೋ ಬೇಡ. ಫೋನು ಆ ಕೋಣೆಯಲ್ಲಿ ಇರಲೇಬಾರದು, ಮೇಲೆ ಬಡಿದುಕೊಂಡರೂ ಏಳಬೇಡ. ನಡುವೆ ಎದ್ದರೆ, ಎಲ್ಲಿಯವರೆಗೆ ಆಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋಗಬೇಡ. ಎಲ್ಲವನ್ನೂ ಡಬ್ಬಕ್ಕೆ ಮರಳಿ ಸುರಿದು ಮೊದಲಿಂದ ಶುರುಮಾಡು. ನೀನು ತುಂಬಿದ್ದನ್ನು ಯಾರಿಗೂ ಕೊಡಬೇಡ, ಯಾರು ಕೊಟ್ಟದ್ದನ್ನೂ ಹೊಡೆಯಬೇಡ. ಕೇಳಿದವರು ದೇವರೇ ಆಗಿದ್ದರೂ ಕೊಡಬೇಡ.

ತುಂಬಾ ಬರೆದೆ. ಮುದುಕರ ಕೈಗೆ ಪೆನ್ನು ಸಿಕ್ಕರೆ ಹೀಗೆ. ಮೈಲೊ ಹೇಗಿದ್ದಾನೆ? ಎಡಗೈಯಲ್ಲಿ ಏನೇನು ಮಾಡಲಿಕ್ಕೆ ಬರುತ್ತದೆ ಈಗ? ನಾನು ಕೇಳಿದೆ ಎಂದು ಹೇಳುವುದು ಬೇಡ.

ಆರ್ವಲ್ ಟೆಡ್ರಿಕ್

*

ಲಿಂಡೆನ್ ಕ್ರೀಕ್
ನವೆಂಬರ್ 4, 1996

ಪ್ರಿಯ ಆರ್ವಲ್,

ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಾಲು ಪ್ರೆಸ್ಸು ಗಂಡಸರಿಗೆ, ಹೆಂಗಸರಿಗೆ ಬನ್ನಿನ ತಟ್ಟೆಯೇ? ಐವತ್ತು ಟನ್ನಿನ ಕಾಟಾದಲ್ಲಿ ಇಪ್ಪತ್ತಾರು ವರ್ಷ ಒಂದು ಚೀಟಿ ತಪ್ಪದೆ ತೂಗಿದವಳು ನಾನು. ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ, ಯಾಕೆಂದರೆ ನಾನು ವಾವ್ರಿನಾ ಮನೆಯವಳು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಸ್ವಾಮಿ, ನಾನು ಮೈಲೊ ಅಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಎಂಬತ್ತೈದರ ಫೆಬ್ರವರಿಯಲ್ಲಿ ಕ್ಲಬ್ಬಿನ ವಾರ್ಷಿಕ ಊಟಕ್ಕೆ ನೀನು ಬರಲಿಲ್ಲ, ಜ್ವರ ಅಂದಿದ್ದೆ. ಅವತ್ತು ನಾನು ಎದ್ದು ನಿಂತೆ. ಎಪ್ಪತ್ತು ಜನರ ಮುಂದೆ, ಬಾತುಕೋಳಿ ಹುರಿದದ್ದು ಇನ್ನೂ ತಟ್ಟೆಯಲ್ಲಿರುವಾಗಲೇ, "ನನ್ನ ಗಂಡನ ಅಜಾಗ್ರತೆಯಿಂದ ನಿಮ್ಮೆಲ್ಲರ ಜೀವಕ್ಕೆ ಅಪಾಯ ಆಯ್ತು, ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ" ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಒಂದು ಮಾತೂ ಆಡುತ್ತಿರಲಿಲ್ಲ. ನನಗೆ ಬೀದಿಯಲ್ಲಿ ತಲೆ ಎತ್ತಿ ನಡೆಯಲು ಆಗುತ್ತಿರಲಿಲ್ಲ. ಮೈಲೊ ಪಕ್ಕದಲ್ಲೇ ಕೂತು ತಟ್ಟೆ ನೋಡುತ್ತಿದ್ದ. ಆ ವಾರವೇ ಚಳಿಗಾಲದ ಪಾಠವನ್ನು ಅವನ ಕೈಯಿಂದ ತೆಗೆದುಕೊಂಡರು. ಬೇರೆ ಯಾರೂ ಮುಂದೆ ಬರದೆ ಅದು ನಿಂತೇಹೋಯಿತು.

ಈಗ ಕ್ಲಬ್ಬಿನಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಮದ್ದು ಹೆಚ್ಚು ಬಿದ್ದರೆ "ಮೈಲೊ ಆಯ್ತು" ಅನ್ನುತ್ತಾರೆ. "ಅದು ಮೈಲೊ ಆಗಿದೆ, ಚೆಲ್ಲು." "ನೋಡ್ಕೊಂಡು ಹಾಕು, ಮೈಲೊ ಮಾಡ್ಬೇಡ." ಹೊಸಬರಿಗೆ ಅದು ಮನುಷ್ಯನ ಹೆಸರು ಅಂತಲೇ ಗೊತ್ತಿಲ್ಲ. ನಾವು ಬೆಳೆಯುವ ಕೆಂಪು ಜೋಳಕ್ಕೂ ಮೈಲೊ ಅನ್ನುತ್ತೇವಲ್ಲ, ಲಾರಿಯಲ್ಲಿ ಜೋಳ ಹೆಚ್ಚು ಹೇರಿದ ಹಾಗೆ ಅಂದುಕೊಂಡಿದ್ದಾರೆ. ಕಳೆದ ಗುರುವಾರ ಅವನು ನನ್ನನ್ನು ಕರೆದೊಯ್ಯಲು ಬಂದು ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ. ಒಬ್ಬಳು ಇನ್ನೊಬ್ಬಳಿಗೆ ಕೂಗಿ ಹೇಳಿದಳು, "ಏಯ್, ಮೈಲೊ ಮಾಡ್ಬಿಟ್ಟೀಯ, ಜೋಕೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಲೋಟ ತೊಳೆದಿಟ್ಟು ಹೊರಗೆ ಹೋಗಿ ಗಾಡಿಯಲ್ಲಿ ಕೂತ.

ಅದಕ್ಕೇ ನನಗೆ ಪ್ರೆಸ್ಸು ಬೇಕು ಆರ್ವಲ್. ಅದೇ ನೆಲಮಾಳಿಗೆಯಲ್ಲಿ, ಅದೇ ಮೇಜಿನ ಮೇಲೆ, ಒಂದೂ ತಪ್ಪಿಲ್ಲದೆ ಸಾವಿರ ತೋಟಾ ತುಂಬಿ ವಾವ್ರಿನಾ ಹೆಸರನ್ನು ತೊಳೆಯಬೇಕು. ಕ್ರಿಸ್ಮಸ್ಸಿಗೆ ಮೊದಲು ಸಾಲು ಪ್ರೆಸ್ಸನ್ನೇ ತರಿಸಲು ಹೇಳುತ್ತೇನೆ. ನಿನ್ನ ಬುದ್ಧಿವಾದಕ್ಕೆ ಉಪಕಾರ.

ಲಿಬ್ಬಿ

*

ಕಾಪರ್ ಫೋರ್ಕ್
ಡಿಸೆಂಬರ್ 2, 1996

ಲಿಬ್ಬಿ,

ನಾಲ್ಕು ಸಲ ಬರೆದು ಹರಿದೆ. ಕ್ಷಮಿಸು.

ಸಾಲು ಪ್ರೆಸ್ಸು ತರಿಸಬೇಡ. ನೀನು ಹೆಂಗಸು ಎಂದಲ್ಲ. ವಾವ್ರಿನಾ ಎಂದಂತೂ ಅಲ್ಲವೇ ಅಲ್ಲ. ಕ್ಷಮಿಸು. ಬೇರೆ ಪೆಟ್ಟಿಗೆಯಲ್ಲಿ ನನ್ನ ಹಳೆಯ ಒಂಟಿ ಪ್ರೆಸ್ಸನ್ನು ನಿನ್ನ ಕಚೇರಿಗೆ ಕಳಿಸಿದ್ದೇನೆ. ಬಣ್ಣ ಹೋಗಿದೆ, ಉಳಿದಂತೆ ಗಟ್ಟಿ. ನಾನು ಈಗ ತುಂಬುವುದಿಲ್ಲ.

ಆ ಮಾತನ್ನು ನಿಜವಾಗಿ ಹೇಳುತ್ತಾರೆಯೇ? ಅವನ ಎದುರಿಗೇ? ಎಷ್ಟು ವರ್ಷದಿಂದ?

ಕ್ಷಮಿಸು.

ಆರ್ವಲ್

*

ಲಿಂಡೆನ್ ಕ್ರೀಕ್
ಡಿಸೆಂಬರ್ 9, 1996

ಆರ್ವಲ್,

ಪೆಟ್ಟಿಗೆ ಬಂತು. ಇಬ್ಬರು ಸೇರಿ ಎತ್ತಿ ತಂದರು. ನನ್ನ ಮೇಲೆ ಕನಿಕರವೋ ಏನು ಕಥೆಯೋ, ನನಗೆ ದಾನ ಬೇಡ, ಆದರೆ ವಾಪಸು ಕಳಿಸಲು ಸೊಂಟಕ್ಕೆ ಶಕ್ತಿಯಿಲ್ಲ.

ಹತ್ತು ಸಾಲಿನ ಪತ್ರದಲ್ಲಿ ಮೂರು ಸಲ ಕ್ಷಮಿಸು ಅಂದಿದ್ದೀಯ. ನನ್ನ ಹತ್ತಿರ ನೀನು ಕ್ಷಮೆ ಕೇಳುವಂಥದ್ದು ಏನಿದೆ? ಮಾತು ಶುರುವಾಗಿ ಹನ್ನೊಂದು ವರ್ಷ. ಹೌದು, ಎದುರಿಗೇ. ನಿನಗೆ ಅದು ಅಷ್ಟು ಚುಚ್ಚುವುದೇಕೆ ಎಂದು ಯೋಚಿಸುತ್ತಿದ್ದೇನೆ. ಬಹುಶಃ ಅವತ್ತು ಪಕ್ಕದಲ್ಲಿದ್ದೂ ಅವನನ್ನು ತಡೆಯಲಾಗಲಿಲ್ಲವೆಂಬ ಕೊರಗು ಇರಬೇಕು. ಅದನ್ನು ಬಿಡು ಮಾರಾಯ. ಮನೆಯಲ್ಲೇ ತುಂಬಿ ತಂದ ತೋಟಾದೊಳಗೆ ಏನಿತ್ತು ಎಂದು ನಿನಗೆ ಹೇಗೆ ತಿಳಿಯಬೇಕು?

ಬೇರೆ ಏನಾದರೂ ಇದ್ದರೆ ನೇರವಾಗಿ ಹೇಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ ಎಂದು ನಿನಗೆ ಗೊತ್ತು.

ಲಿಬ್ಬಿ

*

ಕಾಪರ್ ಫೋರ್ಕ್
ಡಿಸೆಂಬರ್ 20, 1996

ಲಿಬ್ಬಿ,

ಹೇಳುತ್ತೇನೆ.

ಆ ತೋಟಾ ಮೈಲೊ ತುಂಬಿದ್ದಲ್ಲ. ನಾನು ತುಂಬಿದ್ದು.

ಆ ಆಗಸ್ಟಿನಲ್ಲಿ ನಾನು ಸಾಲು ಪ್ರೆಸ್ಸು ತಂದಿದ್ದೆ, ನಮ್ಮ ಕ್ಲಬ್ಬಿಗೇ ಮೊದಲನೆಯದು. ಹೊಸ ಗಾಡಿ ಕೊಂಡವನ ಹಾಗೆ ಆಡುತ್ತಿದ್ದೆ. ಒಂದು ಶನಿವಾರ ಬೆಳಗ್ಗೆ ಅರ್ಧ ಪೆಟ್ಟಿಗೆ ಆಗಿತ್ತು, ಗೋಡೆಯ ಫೋನು ಬಡಿದುಕೊಂಡಿತು. ಹಿಡಿಯನ್ನು ಅರ್ಧಕ್ಕೇ ಬಿಟ್ಟು ಎತ್ತಿದೆ. ಆ ಕಡೆ ಯಾರಿದ್ದರು ಎಂಬುದು ಮುಖ್ಯವಲ್ಲ. ನಾನು ಮಾತ್ರ ಕಾಲು ಗಂಟೆ ಜಂಬ ಕೊಚ್ಚಿದೆ, ಗಂಟೆಗೆ ಐನೂರು ತುಂಬುತ್ತೇನೆ ಎಂದು. ತಿರುಗಿ ಬಂದಾಗ ಆ ಚಿಪ್ಪಿಗೆ ಮದ್ದು ಬಿದ್ದಿತ್ತೋ ಇಲ್ಲವೋ ನೆನಪಾಗಲಿಲ್ಲ. ಹಿಡಿ ಎಳೆದೆ. ಅಷ್ಟೇ. ನಿಯೋಮಾಳ ಕಾಯಿಲೆಯ ಗಾಬರಿಯಲ್ಲಿ ಹೀಗಾಯಿತು ಎಂದು ನೀನು ನನಗಾಗಿ ಒಂದು ನೆಪ ಹುಡುಕಬೇಡ. ಅವಳು ಆಗ ಗಟ್ಟಿಯಾಗಿದ್ದಳು, ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು.

ಪಂದ್ಯದ ದಿನ ಕೊನೆಯ ಸುತ್ತಿಗೆ ಮೈಲೊನ ತೋಟಾ ಸಾಲಲಿಲ್ಲ, ಎರಡನೆಯ ಪೆಟ್ಟಿಗೆ ಮನೆಯಲ್ಲೇ ಬಿಟ್ಟು ಬಂದಿದ್ದ. ನನ್ನ ಕಡೆ ತಿರುಗಿ ಕೈ ಚಾಚಿದ. ಇನ್ನೊಬ್ಬರದನ್ನು ಹೊಡೆಯಬಾರದು, ಯಾರಿಗೂ ಕೊಡಬಾರದು ಎಂದು ಇಬ್ಬರಿಗೂ ಗೊತ್ತಿತ್ತು. ಕೊಟ್ಟೆ. ಸ್ನೇಹಕ್ಕೆ ಕೊಟ್ಟೆ ಎಂದು ಹೇಳಬಹುದಿತ್ತು. ನಿಜವೆಂದರೆ ಹೊಸ ಪ್ರೆಸ್ಸಿನ ತೋಟಾ ಎಷ್ಟು ಚೆನ್ನಾಗಿದೆ ಎಂದು ಅವನ ಬಾಯಿಂದ ಕೇಳಬೇಕಿತ್ತು. ಮೂರನೆಯದು ಸಿಡಿಯಿತು.

ಆಸ್ಪತ್ರೆಯಲ್ಲಿ ಕ್ಲಬ್ಬಿನವರು ಸುತ್ತ ನಿಂತಿದ್ದಾಗ ಅವನು "ನಂದೇ ತಪ್ಪು" ಅಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಿಟಕಿ ನೋಡಿದೆ. ಅವನಿಗೆ ಗೊತ್ತಿದೆಯೋ, ನೋವಿನಲ್ಲಿ ಮರೆತಿದ್ದಾನೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಒಂದು ನಾಳೆ ದಾಟಿದ ಮೇಲೆ ಎರಡನೆಯದು ಸಲೀಸು. ಫೆಬ್ರವರಿಯ ಊಟದ ದಿನ ನನಗೆ ಜ್ವರ ಇರಲಿಲ್ಲ. ಮೇ ತಿಂಗಳಿಗೆ ಮನೆ ಮಾರಿ ಇಲ್ಲಿಗೆ ಬಂದೆ. ಮಗಳ ಹತ್ತಿರ ಇರಲಿಕ್ಕೆ ಎಂದು ನಿಯೋಮಾ ಕೂಡ ನಂಬಿದ್ದಳು.

ಅವನ ಕೈ ಹೋಗಿದ್ದೊಂದೇ ಅಂದುಕೊಂಡು ಹನ್ನೆರಡು ವರ್ಷ ಹೇಗೋ ಬದುಕಿದೆ. ಹೆಸರೂ ಹೋಗಿದೆ ಎಂದು ನಿನ್ನ ಪತ್ರ ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಆರ್ವಲ್

*

ಲಿಂಡೆನ್ ಕ್ರೀಕ್
ಜನವರಿ 3, 1997

ಶ್ರೀ ಟೆಡ್ರಿಕ್ ಅವರಿಗೆ,

ನಿಮ್ಮ ಪತ್ರ ಡಿಸೆಂಬರ್ ಇಪ್ಪತ್ತಾರಕ್ಕೆ ತಲುಪಿತು. ಮೂರು ದಿನ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ಭಾನುವಾರ ಚರ್ಚಿನಿಂದ ಬಂದ ಮೇಲೆ ಅಡುಗೆಮನೆಯಲ್ಲಿ ಮೈಲೊನ ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ನಿಲ್ಲಿಸಲಿಲ್ಲ.

ಓದಿ ಮುಗಿಸಿದಾಗ "ಗೊತ್ತಿತ್ತು" ಅಂದ.

ನಿಮ್ಮ ಹಿತ್ತಾಳೆ ಚಿಪ್ಪುಗಳ ತಳಕ್ಕೆ ನೀವು ಕೆಂಪು ಗೆರೆ ಎಳೆಯುತ್ತಿದ್ದಿರಿ, ಅವನು ಹಸಿರು, ನೆಲಕ್ಕೆ ಬಿದ್ದ ಮೇಲೆ ಯಾರದು ಯಾರದೆಂದು ತಿಳಿಯಲು. ಅವತ್ತು ರಕ್ತ ಸುರಿಯುತ್ತಿದ್ದಾಗಲೇ ಅವನು ಎಡಗೈಯಲ್ಲಿ ಆ ಕೆಂಪು ಗೆರೆಯ ಚಿಪ್ಪುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡನಂತೆ, ಯಾರ ಕಣ್ಣಿಗೂ ಬೀಳದಿರಲಿ ಎಂದು.

"ಯಾಕೆ?" ಅಂದೆ. ನನ್ನ ದನಿ ಹೇಗಿತ್ತೋ ಗೊತ್ತಿಲ್ಲ.

"ಇನ್ನೊಬ್ಬರು ತುಂಬಿದ್ದು ಹೊಡೀಬೇಡಿ ಅಂತ ಹತ್ತು ಚಳಿಗಾಲ ಬಡ್ಕೊಂಡೋನು ನಾನು. ಅವತ್ತು ಕೈ ಚಾಚಿದೋನೂ ನಾನೇ. ಅವ್ನೇನು ನನ್ನ ಕೈಗೆ ತುರುಕಿದ್ನಾ? ನನಗೇ ನಾಚ್ಕೆ ಆಗಿತ್ತು ಕಣೇ."

"ನನಗಾದ್ರೂ ಹೇಳ್ಬಹುದಿತ್ತಲ್ಲ?"

ಅವನು ಚಾಕು ಕೆಳಗಿಟ್ಟ. "ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಆ ಊಟದ ದಿನ ನೀನು ಎದ್ದು ನಿಂತ್ಬಿಟ್ಟೆ. ಅಷ್ಟು ಜನರ ಮುಂದೆ ಕ್ಷಮೆ ಕೇಳ್ಬಿಟ್ಟೆ. ಆಮೇಲೆ ನಾನು ಬಾಯಿ ಬಿಟ್ರೆ ನಿನ್ನ ಮುಖ ಎಲ್ಲಿಟ್ಕೋತಿದ್ದೆ?"

ಇಷ್ಟು ದಿನ ನನ್ನ ಮರ್ಯಾದೆಯನ್ನು ಅವನು ಕಳೆದ ಎಂದು ನಾನು ಅವನನ್ನು ಕುಟ್ಟುತ್ತಿದ್ದೆ ಟೆಡ್ರಿಕ್ ಅವರೇ. ಮಾಂಸ ಹೆಚ್ಚಿಕೊಡುವಾಗಲೆಲ್ಲ ಒಂದು ಮಾತು ಆಡದೆ ತಟ್ಟೆ ಇಟ್ಟವಳಲ್ಲ. "ಲೆಕ್ಕ ಮರೆತ ಕೈಗೆ ಫೋರ್ಕ್ ಯಾಕೆ" ಎಂದು ನೆಂಟರ ಮುಂದೆ ಅಂದಿದ್ದೇನೆ. ಅವನು ನನ್ನ ಮರ್ಯಾದೆ ಉಳಿಸಲು ಅದನ್ನೆಲ್ಲ ಉಣ್ಣುತ್ತಿದ್ದ. ನಾಚಿಕೆ ಅನ್ನುವುದು ಇಷ್ಟು ಬಿಸಿಯಾಗಿರುತ್ತದೆ ಎಂದು ನನಗೆ ಅರವತ್ತೆರಡನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳಲು ಆಗುತ್ತಿಲ್ಲ.

ಆದರೆ ನನ್ನ ಪಾಲು ನನಗೆ, ನಿಮ್ಮದು ನಿಮಗೆ. ಫೆಬ್ರವರಿ ಒಂಬತ್ತು, ಭಾನುವಾರ ಮಧ್ಯಾಹ್ನ, ಕ್ಲಬ್ಬಿನ ವಾರ್ಷಿಕ ಊಟ. ನೀವು ಬರಬೇಕು. ನಾನು ಎಲ್ಲಿ ನಿಂತಿದ್ದೆನೋ ಅಲ್ಲೇ ನಿಂತು ಹೇಳಬೇಕು. ಬರದಿದ್ದರೆ ನಿಮ್ಮ ಪತ್ರವನ್ನು ನಾನೇ ಓದುತ್ತೇನೆ. ಮೈಲೊ "ಬೇಡ" ಅನ್ನುತ್ತಿದ್ದಾನೆ. ಅವನ ಮಾತು ನಾನು ಎಂದು ಕೇಳಿದ್ದೇನೆ?

ಲಿಬ್ಬಿ ವಾವ್ರಿನಾ

*

ವಯೋಮಿಂಗ್, ಹೆದ್ದಾರಿ ಪಕ್ಕದ ಒಂದು ತಂಗುಮನೆ
ಫೆಬ್ರವರಿ 10, 1997

ಲಿಬ್ಬಿ,

ನಾನು ಬಂದಿದ್ದೆ.

ಎರಡು ದಿನ ಗಾಡಿ ಓಡಿಸಿಕೊಂಡು ಬಂದೆ. ಕ್ಲಬ್ಬಿನ ಮುಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದೆ. ಇಸ್ತ್ರಿ ಮಾಡಿದ ಅಂಗಿ, ನಿಯೋಮಾ ಕೊಡಿಸಿದ ಟೈ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದೆ.

ಕ್ಲಬ್ಬಿನ ಗಾಜಿನ ಬಾಗಿಲಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಮೈಲೊ ದಪ್ಪವಾಗಿದ್ದಾನೆ. ಪಕ್ಕದವನ ಯಾವುದೋ ಮಾತಿಗೆ ನಗುತ್ತಿದ್ದ. ನೀನು ಬಗ್ಗಿ ಅವನ ತಟ್ಟೆಯಲ್ಲಿ ಬಾತುಕೋಳಿ ಮಾಂಸ ಸಣ್ಣಗೆ ಹೆಚ್ಚುತ್ತಿದ್ದೆ. ಅವನು ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದ. ಅದು ಅವನಿಗೆ ರೂಢಿಯಾಗಿಹೋಗಿತ್ತು. ಅದನ್ನು ನೋಡಿದೆ ಲಿಬ್ಬಿ. ಗಾಡಿಯ ಬಾಗಿಲಿನ ಹಿಡಿಯ ಮೇಲೆ ನನ್ನ ಕೈ ಇತ್ತು, ಐದು ಬೆರಳೂ ಇರುವ ಕೈ. ಹಿಡಿಯನ್ನು ಎಳೆಯಲು ಆಗಲಿಲ್ಲ.

ಅರ್ಧ ಗಂಟೆ ಕೂತು ವಾಪಸು ಹೊರಟೆ. ಹೇಡಿಗೆ ಇದು ಎರಡನೆಯ ಸಲ. ಪತ್ರ ನಿನ್ನ ಹತ್ತಿರ ಇದೆ. ಓದಿರುತ್ತೀಯ. ಓದಿದ್ದೇ ಸರಿ.

ಆರ್ವಲ್

*

ಲಿಂಡೆನ್ ಕ್ರೀಕ್
ಫೆಬ್ರವರಿ 17, 1997

ಪ್ರಿಯ ಆರ್ವಲ್,

ನಿನ್ನ ಗಾಡಿಯನ್ನು ನಾವು ನೋಡಿದೆವು. ಐಡಹೊದ ನಂಬರು ಹೊತ್ತ ಗಾಡಿ ನಮ್ಮ ಅಂಗಳದಲ್ಲಿ ನಿಂತರೆ ಯಾರಿಗೆ ಕಾಣುವುದಿಲ್ಲ? ಮೊದಲು ನೋಡಿದವನು ಮೈಲೊ. ನಾನು ಏಳಹೋದರೆ ತೋಳು ಹಿಡಿದು ಕೂರಿಸಿದ. "ಸುಮ್ನಿರೇ. ಅವ್ನ ಕಾಲಲ್ಲಿ ಅವ್ನೇ ಬರ್ಲಿ" ಅಂದ. ನೀನು ನೋಡಿದ ಆ ನಗು ಪಕ್ಕದವನ ಮಾತಿಗಲ್ಲ. ನಿನ್ನ ಟೈ ನೋಡಿ ನಕ್ಕದ್ದು.

ನೀನು ಹೊರಟುಹೋದದ್ದು ನಮಗೆ ಕಾಣಲಿಲ್ಲ, ಅಷ್ಟರಲ್ಲಿ ಅಧ್ಯಕ್ಷರು ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ನಾನು ಎದ್ದೆ. ನಿನ್ನ ಪತ್ರ ಬಿಡಿಸಿ ಕೈಯಲ್ಲಿ ಹಿಡಿದಿದ್ದೆ. ಮೈಲೊ ತಲೆ ತಗ್ಗಿಸಿ ತಟ್ಟೆ ನೋಡಿದ. ಅವತ್ತು ಹೇಗೆ ನೋಡಿದ್ದನೋ ಥೇಟ್ ಹಾಗೆಯೇ. ಆಗ ನನಗೆ ತಿಳಿಯಿತು, ನಾನು ಮತ್ತೆ ಅದನ್ನೇ ಮಾಡಹೊರಟಿದ್ದೇನೆ ಎಂದು. ಇನ್ನೊಬ್ಬರ ತಪ್ಪನ್ನು ಅವರ ಪರವಾಗಿ ಊರಿಗೆ ಹಂಚಲು ನಿಂತಿದ್ದೇನೆ.

ಪತ್ರ ಮಡಿಸಿದೆ. "ಹನ್ನೆರಡು ವರ್ಷದ ಹಿಂದೆ ಇಲ್ಲೇ ನಿಂತು ನನ್ನ ಗಂಡನ ಪರವಾಗಿ ಕ್ಷಮೆ ಕೇಳಿದ್ದೆ. ಅವನು ಮಾಡದ ತಪ್ಪಿಗೆ ಕೇಳಿದ್ದೆ. ಆ ತೋಟಾ ಅವನು ತುಂಬಿದ್ದಲ್ಲ. ಅವನನ್ನು ಒಂದು ಮಾತು ಕೇಳದೆ ನಾನು ಎದ್ದು ನಿಂತೆ. ನಾಚಿಕೆ ನಂದು" ಅಂದೆ.

ಯಾರೋ ಕೇಳಿದರು, "ಮತ್ಯಾರು ತುಂಬಿದ್ದು?"

"ನಾನು ಕೇಳಿ ಇಸ್ಕೊಂಡಿದ್ದು. ಪಾಠ ಹೇಳೋನೇ ಪಾಠ ಮರ್ತಿದ್ದೆ. ಅಷ್ಟು ಸಾಕು" ಅಂದ ಮೈಲೊ, ಕೂತಲ್ಲಿಂದಲೇ. ಮುಂದೆ ಯಾರೂ ಕೆದಕಲಿಲ್ಲ. ನಿನ್ನ ಹೆಸರು ಈ ಊರಿನಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ನಿನ್ನ ಮೇಲಿನ ದಯೆಯಿಂದ ಅಲ್ಲ. ಇನ್ನೊಬ್ಬರ ಪರವಾಗಿ ಎದ್ದು ನಿಲ್ಲುವ ಚಾಳಿ ನನಗೆ ಸಾಕಾಗಿದೆ.

ಮುಂದಿನ ವರ್ಷದಿಂದ ಚಳಿಗಾಲದ ಪಾಠವನ್ನು ಮತ್ತೆ ಅವನಿಗೇ ಕೊಟ್ಟಿದ್ದಾರೆ. ಮೊನ್ನೆ ನೆಲಮಾಳಿಗೆಗೆ ಇಳಿದು ನೀನು ಕಳಿಸಿದ ಪ್ರೆಸ್ಸನ್ನು ತಾನೇ ಮೇಜಿಗೆ ಬಿಗಿದ, ಎಡಗೈಯಲ್ಲಿ, ಒಂದು ಗಂಟೆ ಹಿಡಿಯಿತು. ಸ್ಪ್ಯಾನರ್ ಎರಡು ಸಲ ಬಿತ್ತು. ನಾನು ಎತ್ತಿಕೊಡಲು ಬಗ್ಗಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಕಷ್ಟವಾಯಿತು. ಬಿಗಿದಾದ ಮೇಲೆ ಹಿಡಿ ಎಳೆದು ನೋಡಿ "ಇದೇ ಸರಿ ಕಣೇ, ಮೊದಲು ಕಲಿಯೋರಿಗೆ ಇದೇ" ಅಂದ. ಅಲ್ಲಿಗೆ ನನ್ನ ಸಾಲು ಪ್ರೆಸ್ಸಿನ ಆಸೆ ಮುಗಿಯಿತು.

ಒಂದು ಮಾತು ಉಳಿದಿದೆ. ಊಟದ ದಿನ ಕೊನೆಗೆ ಅವನು ಒಂದು ತಟ್ಟೆಗೆ ಬಾತುಕೋಳಿ, ಹಿಟ್ಟಿನುಂಡೆ, ಹುಳಿ ಎಲೆಕೋಸು ಎಲ್ಲ ಹಾಕಿಕೊಂಡು ಹೊರಗೆ ಹೋದ. ನಿನಗೆ. ಅಂಗಳ ಖಾಲಿ. ತಟ್ಟೆ ಹಿಡಿದುಕೊಂಡೇ ಒಳಗೆ ಬಂದು ನನ್ನನ್ನು ಕೇಳಿದ: "ಲಿಬ್ಬಿ, ಅವ್ನು ಹೆದರ್ಕೊಂಡಿದ್ದು ನನ್ನನ್ನ ನೋಡಿನಾ, ನಿನ್ನನ್ನ ನೋಡಿನಾ?"

"ನನ್ನನ್ನ" ಅಂದೆ.

ಅವನು ಅಲ್ಲ ಎಂದು ಹೇಳಲಿಲ್ಲ.

ಹೋದ ಸಲ ನಿನ್ನನ್ನು ಬಾ ಎಂದು ಬೆದರಿಸಿದ್ದೆ ಆರ್ವಲ್. ಮೈಲೊನನ್ನು ನೋಡಲು ಬಾ. ನೀನು ಬರುವ ದಿನ ನಾನು ಅಕ್ಕನ ಮನೆಗೆ ಹೋಗಿರುತ್ತೇನೆ.

ಲಿಬ್ಬಿ